ಲೆಕ್ಕದ ಕೂಸು

ದೆವ್ವ, ಶಕುನ ಎಂದು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಐದನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಶಹಾಪುರದಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಬದುಕಿದವಳು. ಕಣ್ಣಿಗೆ ಕಂಡದ್ದೇ ನನಗೆ ನಿಜ. ಈಗ ಬರೆಯುತ್ತಿರುವುದನ್ನೂ ಕಣ್ಣಾರೆ ಕಂಡಿದ್ದೇನೆ. ಆದರೆ ಏನು ಕಂಡೆ ಎಂದು ಕೇಳಿದರೆ ಹೇಳಲಾರೆ.

ನಮ್ಮೂರು ಖಾನಾಪುರ ತಾಲೂಕಿನ ಪಾರಿಶ್ವಾಡ. ನನಗೆ ಒಂಬತ್ತು ವರ್ಷವಿದ್ದಾಗ ತಮ್ಮ ಭರತೇಶ ಹುಟ್ಟಿದ. ಹುಟ್ಟಿದಾಗ ಉಸಿರಿರಲಿಲ್ಲ. ನರ್ಸಬಾಯಿ ಬಂದು ಕೂಸಿನ ಬಾಯಿ ಒರೆಸಿ, ಬೆನ್ನು ತಿಕ್ಕಿದ ಮೇಲೆ ಅತ್ತನಂತೆ. ಅಷ್ಟರಲ್ಲಿ ಮಿದುಳಿಗೆ ಪೆಟ್ಟಾಗಿತ್ತು. ಅವನಿಗೆ ಕೂರಲು, ಮಾತಾಡಲು ಬರಲೇ ಇಲ್ಲ. ಅವನನ್ನು ನೋಡಿಕೊಳ್ಳಲೆಂದೇ ನಾನು ಶಾಲೆ ಬಿಟ್ಟದ್ದು. ಕಬ್ಬಿನ ಗಾಡಿಗಳು ಬರುವ ಹೊತ್ತಿಗೆ ಅವನನ್ನು ಕಟ್ಟೆಗೆ ಹೊತ್ತು ತರುತ್ತಿದ್ದೆ. ಎತ್ತಿನ ಗೆಜ್ಜೆ ಕೇಳಿದರೆ ಮೈಯೆಲ್ಲ ಅಲುಗಿಸಿ ನಗುತ್ತಿದ್ದ. ತಂಗಿ ಸುಜಾತಾ ಹುಟ್ಟಿದ ಮೇಲೆ ಒಂದು ಸೊಂಟದಲ್ಲಿ ಅವಳು, ಇನ್ನೊಂದರಲ್ಲಿ ಅವನು. ತನಗೆ ಹನ್ನೊಂದು ವರ್ಷ ತುಂಬುವ ಮೊದಲೇ ಭರತೇಶ ತೀರಿಹೋದ. ಆ ದಿನಗಳು ಕಷ್ಟದವು, ಆದರೂ ಅಂಥ ದಿನಗಳು ನನಗೆ ಮತ್ತೆ ಬರಲಿಲ್ಲ.

ಸುಜಾತಾ ಬಹಳ ಓದಿದಳು. ಆಗತಾನೇ ಹುಟ್ಟಿದ ಕೂಸಿನ ಮಿದುಳಿಗೆ ರಕ್ತ ಹೇಗೆ ಹರಿಯುತ್ತದೆ, ಮಿದುಳು ಆಮ್ಲಜನಕವನ್ನೂ ಸಕ್ಕರೆಯನ್ನೂ ಎಷ್ಟು ಬಳಸುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಅವಳ ಕೆಲಸ. ನಾಲ್ಕು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಟಿಳಕವಾಡಿಯ ಅವಳ ಕೋಣೆಗೆ ಬುತ್ತಿ ಒಯ್ದಾಗ ನನಗೂ ತೋರಿಸಿದಳು.

“ಖರೇ ಕೂಸಿನ ಮ್ಯಾಲ ಪ್ರಯೋಗ ಮಾಡಾಕ ಬರೂದಿಲ್ಲಲ್ಲ ಅಕ್ಕಾ, ಅದಕ್ಕ ಲೆಕ್ಕದಾಗ ಒಂದು ಕೂಸು ಮಾಡೀವಿ.”

“ಇದಕ್ಕ ಹಾಲು ಯಾರು ಕುಡಸ್ತಾರವಾ?”

“ಸಕ್ಕರಿ ನಾನ ಹಾಕ್ತೀನಿ. ನಿನ್ನಂಗ ಸೊಂಟದ ಮ್ಯಾಲ ಹೊತ್ಗೊಂಡು ತಿರಗೂ ಕೆಲಸಿಲ್ಲ ನೋಡು.”

ಇಬ್ಬರೂ ನಕ್ಕೆವು. ಆಮೇಲೆ ಅವಳು ಮೆಲ್ಲಗೆ, “ನಮ್ಮ ಭರತೇಶನ್ನ ಒಮ್ಮೆ ಹಾಕಿ ನೋಡೂಣೇನು? ಅವತ್ತು ನರ್ಸಬಾಯಿ ಮನಿಗಿ ಬೀಗ ಇತ್ತಂತಲ್ಲ, ಎಷ್ಟೊತ್ತು ನಿಂತಿದ್ದಿ?” ಎಂದಳು.

ನರ್ಸಬಾಯಿಯನ್ನು ಕರೆಯಲು ಓಡಿದವಳು ನಾನೇ. ಬೀಗವಿತ್ತು, ಅದಕ್ಕೇ ತಡವಾಯಿತು ಎಂದು ಮನೆಯಲ್ಲಿ ಹೇಳಿದ್ದೂ ನಾನೇ. ಅವ್ವ ಸಾಯುವತನಕ ಆ ನರ್ಸಬಾಯಿಯ ಮುಖ ನೋಡಲಿಲ್ಲ.

“ಬಾಳ ಹೊತ್ತಿಲ್ಲ. ನಿಂತೆ ಅನ್ನೂದ್ರಾಗ ಬಂದ್ರು” ಎಂದೆ.

ಕೂಸು ಉಸಿರಿಲ್ಲದೆ ಇದ್ದ ನಿಮಿಷಗಳೆಂದು ಸುಜಾತಾ ಸಣ್ಣ ಅಂಕಿಯೊಂದನ್ನು ಹಾಕಿದಳು. ತೆರೆಯ ಮೇಲೆ ಕೆಂಪು ಗೆರೆ ಓಡಿತು. ಕೂಸಿನ ಮಿದುಳು ಉಳಿದುಕೊಳ್ಳುವಂತಿದ್ದರೆ ಗೆರೆ ಇಳಿದು ಮತ್ತೆ ಏಳಬೇಕು ಎಂದು ಹೇಳಿದ್ದಳು. ಇಳಿಯಿತು. ಏಳಲಿಲ್ಲ. “ಇಷ್ಟ ಹೊತ್ತಿಗೆ ಹಿಂಗ ಆಗೂದಿಲ್ಲ” ಎನ್ನುತ್ತ ಅದೇ ಅಂಕಿಯನ್ನು ಮತ್ತೆ ಹಾಕಿದಳು. ಮತ್ತೆ ಬಿತ್ತು. ಮೂರನೆಯ ಸಲವೂ ಬಿತ್ತು.

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಅವತ್ತು ಅವ್ವನ ನೋವಿನ ಗದ್ದಲದಲ್ಲಿ ಯಾರೂ ನನಗೆ ಊಟ ಕೊಟ್ಟಿರಲಿಲ್ಲ. ಸೂರ್ಯ ಇನ್ನೇನು ಮುಳುಗುವವನಿದ್ದ. ಆಗ ತಿನ್ನದಿದ್ದರೆ ಬೆಳಗಿನವರೆಗೂ ಹೊಟ್ಟೆಗಿಲ್ಲ. ದಾರಿಯಲ್ಲಿ ಸೋದರತ್ತೆಯ ಮನೆ, ಹಂಚಿನ ಮೇಲೆ ಶೇಂಗಾ ಹೋಳಿಗೆ. ಎಲ್ಲಿಗೆ ಹೊರಟಿದ್ದೇನೆಂದು ಹೇಳದೆ ಕುಳಿತುಬಿಟ್ಟೆ. ನರ್ಸಬಾಯಿಯ ಮನೆಗೆ ಬೀಗವಿರಲಿಲ್ಲ.

“ಎಷ್ಟ ನಿಮಿಷ ಆಗಿರಬೇಕು?”

“ನಿಮಿಷ ಏನ್ ಗೊತ್ತವಾ ನನಗ. ಒಂದು ತಿಂದೆ. ಎರಡನೇದು ಬೇಯೂತನಾ ಕುಂತೆ. ಅದನ್ನೂ ತಿಂದೆ.”

ಸುಜಾತಾ ತೆರೆ ಬಿಟ್ಟು ನನ್ನತ್ತ ತಿರುಗಿದಳು. “ಒಂಬತ್ತ ವರ್ಷದ ಹುಡುಗಿ ಹಸದು ಕುಂತಿದ್ದು ನನಗ ತಿಳೀತೈತಿ ಅಕ್ಕಾ. ಈಗ ನನ್ನ ಮುಂದ ಸುಳ್ಳು ಹೇಳಿದೆಲ್ಲ, ಅದು ತಿಳೀವಲ್ದು” ಎಂದಳು.

ಮತ್ತೇಕೋ ಆ ಮೊದಲಿನ ಸಣ್ಣ ಅಂಕಿಯನ್ನೇ ಇನ್ನೊಮ್ಮೆ ಹಾಕಿದಳು. ಗೆರೆ ಇಳಿಯಿತು, ನಿಂತಿತು, ಮೆಲ್ಲಗೆ ಎದ್ದು ಸಮನಾಗಿ ಓಡತೊಡಗಿತು. ನಾನು ಎಲ್ಲಿಯೂ ಕೂರದೆ ಓಡಿದ್ದರೆ ನಮಗೆ ಸಿಗುತ್ತಿದ್ದ ಭರತೇಶ ಅವನು. ಒಂದೇ ಅಂಕಿಗೆ ಎರಡು ಉತ್ತರ ಬರುವುದು ಸಾಧ್ಯವೇ ಇಲ್ಲವಂತೆ. ಅವಳು ತಿಂಗಳುಗಟ್ಟಲೆ ಹುಡುಕಿದಳು, ತಪ್ಪು ಸಿಗಲಿಲ್ಲ. ಹಾಗೆ ಮತ್ತೆಂದೂ ಆಗಲೂ ಇಲ್ಲ.

ಮುಂದಿನ ವಾರ ಖಾನಾಪುರಕ್ಕೆ ಹೋಗಿ, ಕೆಲಸದಿಂದ ನಿವೃತ್ತರಾಗಿದ್ದ ನರ್ಸಬಾಯಿಯ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಹಂಗಾರ ನಾ ಮನ್ಯಾಗ ಇದ್ನೇನು?” ಎಂದು ಎರಡು ಸಲ ಕೇಳಿದರು. “ಎಲ್ಲಾರೂ ಬೀಗ ಬೀಗ ಅಂದ್ರಲ್ಲ ಮಗಳ, ನೀರಿಗಿ ಹೋಗಿದ್ನೇನೋ ಅಂತ ನಾನೂ ನಂಬಿಬಿಟ್ಟಿದ್ದೆ.”

ಗೆರೆಯ ವಿಷಯ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಯಂತ್ರ ಒಮ್ಮೊಮ್ಮೆ ಹಾಗೆ ಮಾಡುತ್ತದೆ ಎನ್ನುತ್ತಾಳೆ ಸುಜಾತಾ. ಹಾಗೆನ್ನುವಾಗ ನನ್ನ ಮುಖ ನೋಡುವುದಿಲ್ಲ. ಅದರೊಳಗೆ ಕೂಸಿಲ್ಲವೆಂದು ನನಗೂ ಗೊತ್ತು. ಹಾಗಿದ್ದರೆ ನಾನು ನಿಜ ಹೇಳುವವರೆಗೂ ಏಳದೆ ಹಟ ಹಿಡಿದದ್ದು ಯಾರು?