ಹೊಗೆಸೊಪ್ಪಿನ ಮೂಗು

ನನ್ನ ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾಗೆ ಒಂದೇ ಜೂಮ್ ಲೆನ್ಸ್ ಸಾಕಿತ್ತು, ಆದರೆ ಅದು ಮದುವೆಗೂ ಆಗಬೇಕು, ಕಾಕನಕೋಟೆ ಕಾಡಿನ ಆನೆಗೂ ಆಗಬೇಕು. ಇದ್ದಬದ್ದ ದುಡ್ಡೆಲ್ಲ ಜೇಬಿಗಿಳಿಸಿ ಹುಣಸೂರಿನ ಸ್ಟುಡಿಯೊ ಒಂದಕ್ಕೆ ಹೋದೆ. ಅಲ್ಲಿದ್ದ ಎರಡು ಹಳೆ ಲೆನ್ಸ್‌ಗಳಲ್ಲಿ ಫಳಫಳ ಹೊಳೆಯುತ್ತಿದ್ದ ಉದ್ದ ಜೂಮಿಗೆ ಮನಸೋತೆ.

ಜತೆಗೆ ಬಂದಿದ್ದ ಮಾವ ಹೊಗೆಸೊಪ್ಪು ಬೆಳೆಯುವವರು, ಕ್ಯಾಮೆರಾ ಮುಟ್ಟಿದವರೇ ಅಲ್ಲ. ಹರಾಜಿಗೆ ಮುಂಚೆ ಸೊಪ್ಪು ಮೂಸುವಂತೆ ಲೆನ್ಸನ್ನು ಮೂಗಿಗೆ ಹಿಡಿದು, "ಬೂಷ್ಟು ಬಂದೈತೆ ಕಣ್ಲಾ, ಬುಡು" ಅಂದರು. ನನಗೋ ನಾಚಿಕೆ. ಅಂಗಡಿಯವರು ನಗುತ್ತಲೇ ಟಾರ್ಚ್ ಬಿಟ್ಟರು. ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು! ಅವರ ನಗು ನಿಂತಿತು.

ಮಾವ ಗೀರುಬಿದ್ದ ಇನ್ನೊಂದನ್ನೂ ಮೂಸಿ, "ಗ್ರೇಡು ಕಮ್ಮಿ, ಸರಕು ಚೆನ್ನಾಗೈತೆ. ತಗೊ" ಅಂದರು. ತಗೊಂಡೆ.

ಈಗ ಲೆನ್ಸ್ ಕೊಳ್ಳುವ ಗೆಳೆಯರು ನನ್ನ ಸಲಹೆ ಕೇಳುವುದಿಲ್ಲ. "ನಿಮ್ಮಾವ ಊರಲ್ಲವ್ರಾ?" ಅಂತಾರೆ.