ಐದನೇ ಮೆಷಿನ್ನಿನ ಅಂಕಿಗಳು

ಕಾರ್ಖಾನೆಯಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳೊಬ್ಬಳು ಸ್ವೆಟರ್ ಹಾಕಿಕೊಂಡಿರುತ್ತಿದ್ದಳು. ಅಳತೆಕೋಣೆಯನ್ನು ವರ್ಷವಿಡೀ ಒಂದೇ ತಣುವಿನಲ್ಲಿ ಇಡಬೇಕು. ಲೋಹ ಬಿಸಿಗೆ ಹಿಗ್ಗುತ್ತದೆ. ಹಿಗ್ಗಿದ್ದನ್ನು ಅಳೆದರೆ ಅಳತೆ ಸುಳ್ಳು ಹೇಳುತ್ತದೆ. ಆ ಗಾಜಿನ ಬಾಗಿಲ ಒಳಗೆ, ಕರಿಕಲ್ಲಿನ ಮೇಜಿನ ಪಕ್ಕದಲ್ಲಿ, ಅವಳು ಮದುವೆಗೆ ಮುಂಚಿನಿಂದಲೂ ಕೂತಿದ್ದಳು. ಗಂಡ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂದಾಗಲೂ ಅಲ್ಲೇ ಇದ್ದಳು. ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಅಳತೆಯಮ್ಮ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಇದಕ್ಕಿಂತ ಕೆಟ್ಟ ಹೆಸರು ಹೊತ್ತವರು ಕಾರ್ಖಾನೆಯಲ್ಲಿ ಬೇಕಾದಷ್ಟು ಜನ ಇದ್ದುದರಿಂದ ತಲೆ ಕೆಡಿಸಿಕೊಂಡಿರಲಿಲ್ಲ.

ಕೆಲಸ ಇಷ್ಟೇ. ಕೆಳಗೆ ಮೆಷಿನ್ನುಗಳಲ್ಲಿ ಪಂಪಿನ ಕವಚಗಳು ತಯಾರಾಗುತ್ತಿದ್ದವು. ಪ್ರತಿ ಸರದಿಯ ಮೊದಲ ಕವಚ ಅವಳ ಮೇಜಿಗೆ ಬರುತ್ತಿತ್ತು. ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಹರಳಿರುವ ಯಂತ್ರದ ತೋಳೊಂದು ಕವಚದ ಮೈಯನ್ನೆಲ್ಲ ಮೆಲ್ಲಗೆ ಮುಟ್ಟಿ ನೋಡುತ್ತಿತ್ತು. ಹಾಗೆ ಮುಟ್ಟಿದ ಬಿಂದುಗಳನ್ನು ತಂತ್ರಾಂಶ ನಕ್ಷೆಯ ಮೇಲೆ ಕೂರಿಸಿ ಬಣ್ಣ ಹಚ್ಚುತ್ತಿತ್ತು. ಎಷ್ಟು ತಪ್ಪಿದರೆ ನಡೆಯುತ್ತದೆ ಎಂಬುದನ್ನು ನಕ್ಷೆ ಬರೆದವರು ಮೊದಲೇ ಹೇಳಿರುತ್ತಾರೆ. ಕಾರ್ಖಾನೆಯ ಮಾತಿನಲ್ಲಿ ಅದು ಟಾಲರೆನ್ಸ್. ಅದರೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಬರೀ ಉದ್ದ ಅಗಲ ಸರಿಯಿದ್ದರೆ ಸಾಲದು. ರಂಧ್ರ ತನ್ನ ಜಾಗದಲ್ಲಿದೆಯೇ, ತಳಕ್ಕೆ ನೆಟ್ಟಗೆ ನಿಂತಿದೆಯೇ, ಮೈ ಸಪಾಟಾಗಿದೆಯೇ ಎಂಬುದನ್ನೂ ನೋಡಬೇಕು.

ಐದನೇ ಮೆಷಿನ್ ನಡೆಸುತ್ತಿದ್ದವನು ಆರಡಿ ಮೀರಿದ ಆಳು. ನಡುವಯಸ್ಸು, ಮದುವೆಯಾಗಿರಲಿಲ್ಲ. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತನ್ನದನ್ನು ಮರೆತಿದ್ದ. ಒಂದು ಬೆಳಿಗ್ಗೆ ಅವನ ಕವಚ ಕೆಂಪಾಗಿ ವಾಪಸ್ಸು ಹೋಯಿತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನೇ ಮೇಲೆ ಹತ್ತಿ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟವನು, ರಂಧ್ರದ ಅಗಲ ಸರಿಯಿದೆ, ಅಂಚಿನಿಂದ ದೂರ ಸರಿಯಿದೆ, ಮತ್ತೇನು ತಕರಾರು ಎಂದು ಕೇಳಿದ.

"ನಿಮ್ಮ ಹೋಲು ಲಂಬವಾಗಿಲ್ಲ" ಅಂದಳು ಅವಳು.

ಅವನ ಮುಖ ಬಿಗಿಯಿತು. "ಹೆಸರಿಡ್ಕೊಂಡು ತಮಾಷೆ ಮಾಡೋದು ಬೇಡ ಮೇಡಂ. ತಪ್ಪಿದ್ರೆ ತಪ್ಪು ಹೇಳಿ."

"ನಿಮ್ಮ ಹೆಸರು ನನಗೇನು ಗೊತ್ತು?"

ಕೆಳಗೆ ಅವನ ಎತ್ತರ ನೋಡಿ ಎಲ್ಲರೂ ಕರೆಯುತ್ತಿದ್ದುದು ಲಂಬೂ ಎಂದು. ಅದನ್ನು ಅವನ ಬಾಯಿಂದಲೇ ಕೇಳಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಮೊದಲು ಸೆಟೆದು ನಿಂತಿದ್ದ ಅವನೂ ಆಮೇಲೆ ಬೇರೆ ದಾರಿಯಿಲ್ಲದೆ ನಕ್ಕ. ಆ ಕೋಣೆಯಲ್ಲಿ ಯಾರಾದರೂ ನಕ್ಕು ಬಹಳ ಕಾಲವಾಗಿತ್ತು. ಅವಳು ಪರದೆಯ ಮೇಲೆ ಚಿತ್ರವನ್ನು ತಿರುಗಿಸಿ ತೋರಿಸಿದಳು. ರಂಧ್ರ ಬಾಯಲ್ಲಿ ಸರಿಯಾಗಿಯೇ ಇತ್ತು, ಒಳಗೆ ಹೋಗುತ್ತಾ ಕೂದಲೆಳೆಯಷ್ಟು ವಾಲಿತ್ತು. ಅವನು ಹತ್ತಿರ ಬಗ್ಗಿ ನೋಡಿದ. ಮೆಷಿನ್ನಿನ ಕ್ಲಾಂಪಿನಲ್ಲಿ ಕವಚವನ್ನು ತೀರಾ ಬಿಗಿಯಾಗಿ ಹಿಡಿಸಿರಬೇಕು, ಬಿಟ್ಟೊಡನೆ ಅದು ಮೈ ಸಡಿಲಿಸಿಕೊಂಡಿದೆ ಎಂದು ತನಗೆ ತಾನೇ ಹೇಳಿಕೊಂಡು ಹೊರಟುಹೋದ. ಮಾರನೆಯ ದಿನದ ಕವಚ ಹಸಿರಾಗಿತ್ತು. ಹಸಿರಾದ ಮೇಲೆ ಬರುವ ಅಗತ್ಯವಿರಲಿಲ್ಲ. ಆದರೂ ಬಂದ.

ಅಲ್ಲಿಂದ ಅದೇ ರೂಢಿಯಾಯಿತು. ಬೇರೆಯವರು ಮೊದಲ ಕವಚವನ್ನು ತಳ್ಳುಗಾಡಿಯಲ್ಲಿ ಕಳಿಸಿದರೆ ಐದನೇ ಮೆಷಿನ್ನಿನದು ಮಾತ್ರ ಕೈಯಲ್ಲೇ ಬರುತ್ತಿತ್ತು. ಮೆಷಿನ್ನಿನಿಂದ ಇಳಿದ ಭಾಗ ಬೆಚ್ಚಗಿರುತ್ತದೆ, ಕೋಣೆಯಲ್ಲಿ ಕೂತು ಮೈ ತಣಿಯುವ ತನಕ ಅದನ್ನು ಅಳೆಯುವ ಹಾಗಿಲ್ಲ. ಹಾಗಾಗಿ ಬೆಳಿಗ್ಗೆ ಇಟ್ಟುಹೋಗಲು ಒಮ್ಮೆ, ಊಟದ ಹೊತ್ತಿಗೆ ಫಲಿತಾಂಶ ಕೇಳಲು ಒಮ್ಮೆ ಬರುತ್ತಿದ್ದ. ಎಣ್ಣೆ ಮೆತ್ತಿದ ಬೂಟು ಒಳಗೆ ಬರಬಾರದೆಂಬ ನಿಯಮ ನೆನಪಾಗಿ ಹೊಸ್ತಿಲಲ್ಲೇ ನಿಲ್ಲುತ್ತಿದ್ದ. ಅವಳು ಬಾಗಿಲನ್ನು ಅರ್ಧ ತೆರೆದು ಹಿಡಿದುಕೊಳ್ಳುತ್ತಿದ್ದಳು. ತಣುವೆಲ್ಲ ಹೊರಗೆ ಹೋಗುತ್ತಿದೆ ಎಂದು ಅವಳೇ ಇತರರನ್ನು ಗದರುತ್ತಿದ್ದ ಬಾಗಿಲು ಅದು.

ಮಾತು ದೊಡ್ಡದೇನಲ್ಲ. ಅವನು ಆ ವಯಸ್ಸಿನಲ್ಲಿ ಈಜು ಕಲಿಯಲು ಹೊರಟಿದ್ದ. ಕೊಳದ ಆಳವಿಲ್ಲದ ಕಡೆ, ಮೊಣಕಾಲೆತ್ತರದ ಮಕ್ಕಳ ನಡುವೆ ತಾನು ಕಂಬಿ ಹಿಡಿದುಕೊಂಡು ಕಾಲು ಬಡಿಯುವುದನ್ನು ವರ್ಣಿಸುತ್ತಿದ್ದ. ನೀರನ್ನು ಬಿಗಿದು ಹಿಡಿಯಲು ಎಲ್ಲೂ ಕ್ಲಾಂಪಿಲ್ಲ, ಅದೇ ತನ್ನ ಕಷ್ಟ ಎನ್ನುತ್ತಿದ್ದ. ಅವಳು ಅತ್ತೆಯ ವಿಷಯ ಹೇಳುತ್ತಿದ್ದಳು. ಗಂಡ ಹೋದ ಮೇಲೆ ಅವಳು ಅತ್ತೆಯನ್ನು ಬಿಟ್ಟು ಹೋಗಿರಲಿಲ್ಲ, ಅತ್ತೆಯೂ ಅವಳನ್ನು ಹೋಗು ಎಂದಿರಲಿಲ್ಲ. ಒಂದು ಅಡುಗೆಮನೆ, ಎರಡು ಕೋಣೆಯ ಆ ಮನೆಯಲ್ಲಿ ಇಬ್ಬರೂ ರೇಡಿಯೋಗೆ ಜಗಳವಾಡಿಕೊಂಡು ಸುಖವಾಗಿಯೇ ಇದ್ದರು.

ರಾತ್ರಿ ಊಟಕ್ಕೆ ಕೂತಾಗ ಲಂಬೂನ ಮಾತು ಅವಳಿಗರಿವಿಲ್ಲದೆ ಬಂದುಬಿಡುತ್ತಿತ್ತು. ಅತ್ತೆ ಕಿವಿ ಚುರುಕಿನವಳು. "ಇವತ್ತೇನು ಕೆಡಿಸಿದನಂತೆ ನಿಮ್ಮ ಲಂಬೂ?" ಎಂದು ಅವಳೇ ಕೇಳಲು ಶುರುಮಾಡಿದಳು. ಏನೂ ಕೆಡಿಸಿಲ್ಲ ಎಂದರೆ, ಹಾಗಾದರೆ ಬಂದದ್ದೇಕೆ ಎಂದು ತಟ್ಟೆಯತ್ತ ನೋಡುತ್ತಲೇ ಇನ್ನೊಂದು ಪ್ರಶ್ನೆ ಬರುತ್ತಿತ್ತು.

ಹೀಗಿರುವಾಗ ಮೇಲಿನವರು ಹೊಸ ವ್ಯವಸ್ಥೆ ತಂದರು. ಮೆಷಿನ್ನುಗಳ ಸಾಲಿನ ಪಕ್ಕದಲ್ಲೇ ಗಾಜಿನ ಗೂಡು ಕಟ್ಟಿ ಅಲ್ಲಿಯೇ ಅಳೆಯುವ ತೋಳು ನಿಲ್ಲಿಸುವುದು, ಬಿಸಿಗೆ ಹಿಗ್ಗಿದ್ದನ್ನು ತಂತ್ರಾಂಶವೇ ಲೆಕ್ಕಹಾಕಿ ಕಳೆಯುವುದು, ಹಸಿರೋ ಕೆಂಪೋ ಎಂಬುದು ನೇರವಾಗಿ ಮೆಷಿನ್ನಿನ ಎದುರಿನ ಪರದೆಗೇ ಬರುವುದು. ಯಾವ ಭಾಗವನ್ನು ಎಲ್ಲೆಲ್ಲಿ ಮುಟ್ಟಬೇಕು, ಯಾವ ಮೈಯನ್ನು ಆಧಾರವಾಗಿ ಹಿಡಿಯಬೇಕು ಎಂಬುದನ್ನೆಲ್ಲ ತಂತ್ರಾಂಶಕ್ಕೆ ಬರೆದುಕೊಡುವ ಕೆಲಸ ಅವಳ ಪಾಲಿಗೆ ಬಂತು. ಅವಳು ಮನಸ್ಸಿಟ್ಟು ಮಾಡಿದಳು. ಐದನೇ ಮೆಷಿನ್ನಿನದನ್ನೇ ಮೊದಲು ಮಾಡಿದಳು. ಅವನ ಕವಚಕ್ಕೆ ಅನ್ಯಾಯವಾಗಿ ಕೆಂಪು ಬೀಳಬಾರದೆಂದು ಒಂದೊಂದು ಬಿಂದುವನ್ನೂ ಎರಡೆರಡು ಸಲ ನೋಡಿದಳು. ಮ್ಯಾನೇಜರ್ ಕೈಕುಲುಕಿದರು. ಹಳೆಯ ಕೋಣೆಯನ್ನು ಉಗ್ರಾಣಕ್ಕೆ ಕೊಟ್ಟು ಅವಳನ್ನು ಮೇಲಿನ ಮಹಡಿಗೆ ಕಳಿಸಿದರು. ಅಲ್ಲಿಯ ಬಾಗಿಲು ಕಾರ್ಡು ತೋರಿಸಿದರೆ ಮಾತ್ರ ತೆರೆಯುತ್ತಿತ್ತು.

ಮೊದಲ ಸೋಮವಾರ ಬೆಳಿಗ್ಗೆ ಅವಳು ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದಳು. ಯಾರೂ ಬರಲಿಲ್ಲ. ಯಾಕೆ ಬರಬೇಕು? ಬರಬೇಕಾದ ಕಾರಣವನ್ನೆಲ್ಲ ತಾನೇ ಕೂತು ಅಳಿಸಿಹಾಕಿದ್ದೇನೆ ಎಂಬುದು ಆಗ ಹೊಳೆಯಿತು. ಮಧ್ಯಾಹ್ನ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ಆಮೇಲೆ ಉಳಿದದ್ದು ಅಂಕಿಗಳು. ಎಲ್ಲ ಮೆಷಿನ್ನುಗಳ ಅಳತೆಗಳೂ ಅವಳ ಪರದೆಗೆ ಬರುತ್ತಿದ್ದವು. ಬೆಳಿಗ್ಗೆ ಕೂತವಳೇ ಐದನೆಯದನ್ನು ತೆರೆಯುತ್ತಿದ್ದಳು. ಅಂಕಿಗಳ ಸಾಲು ಶುರುವಾಗಿದ್ದರೆ ಅವನು ಬಂದಿದ್ದಾನೆ ಎಂದರ್ಥ. ನಡುವೆ ನಿಂತರೆ ಚಹಾಕ್ಕೆ ಹೋಗಿದ್ದಾನೆ. ಒಂದು ದಿನ ಸಾಲೇ ಬರಲಿಲ್ಲ, ಮೈ ಹುಷಾರಿಲ್ಲವೇನೋ ಎಂದು ಸಂಜೆಯ ತನಕ ಚಡಪಡಿಸಿದಳು. ಮತ್ತೆ ಅಂಕಿಗಳು ಬಂದಾಗ ನಿಟ್ಟುಸಿರು ಬಿಟ್ಟಳು. ಕವಚದ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಎಲ್ಲ ಹಸಿರು. ಒಂದಾದರೂ ಕೆಂಪಾಗಬಾರದೇ ಎಂದು ಅನ್ನಿಸಿ, ಛೆ, ಇದೆಂಥ ಆಸೆ ಎಂದು ನಾಚಿಕೆಪಟ್ಟುಕೊಳ್ಳುತ್ತಿದ್ದಳು. ಒಂದು ಸಲ ರಂಧ್ರ ವಾಲುತ್ತಾ ವಾಲುತ್ತಾ ಟಾಲರೆನ್ಸಿನ ಅಂಚಿನವರೆಗೂ ಬಂತು. ಫೋನಿಗೆ ಕೈ ಹಾಕಿದಳು. ಏನೆಂದು ಹೇಳುವುದು? ಹಸಿರಾಗಿರುವುದನ್ನು ಸರಿಪಡಿಸಿ ಎಂದು ಯಾರಾದರೂ ಕರೆಯುತ್ತಾರೆಯೇ? ಕೈ ಹಿಂದಕ್ಕೆ ತೆಗೆದಳು.

ಮನೆಯಲ್ಲಿ ಅವಳ ಬಾಯಿಗೆ ಬೀಗ ಬಿದ್ದಿತ್ತು. ಅತ್ತೆ ಒಂದಷ್ಟು ದಿನ ನೋಡಿದಳು. ರಜೆಯ ದಿನ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಾಗ ರೇಡಿಯೋ ಆರಿಸಿದಳು. ಅತ್ತೆ ತಾನಾಗಿ ರೇಡಿಯೋ ಆರಿಸಿದ್ದನ್ನು ಸೊಸೆ ಅದೇ ಮೊದಲು ನೋಡಿದ್ದು.

"ಅವನಿಗೆ ಬರೋಕೆ ಆಗ್ತಿಲ್ಲ ಸರಿ. ನಿನಗೆ ಕಾಲಿಲ್ವಾ?"

"ಯಾರಿಗೆ ಅತ್ತೆ?"

"ನನ್ನ ಹತ್ರ ಆಟ ಆಡಬೇಡ."

ಸೊಸೆ ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. ನೀವಿರುವಾಗ ನಾನು ಹಾಗೆಲ್ಲ ಹೇಗೆ ಯೋಚಿಸಲಿ ಎಂಬರ್ಥದಲ್ಲಿ ಏನೋ ಗೊಣಗಿದಳು.

ಅತ್ತೆ ಅವಳ ಕೈಯಿಂದ ಟವೆಲ್ ತೆಗೆದುಕೊಂಡಳು. "ಹೋದವನು ನನ್ನ ಮಗ ಕಣೇ. ಅವನನ್ನ ನೆನೆಸ್ಕೊಳ್ಳೋದು ನನ್ನ ಕೆಲಸ, ನಾನು ನೋಡ್ಕೋತೀನಿ. ನೀನೂ ನನ್ನ ಜೊತೆ ಕೂತು ಮುದುಕಿಯಾಗಬೇಕು ಅಂತೇನಿಲ್ಲ."

ಇಷ್ಟು ಹೇಳಿ ರೇಡಿಯೋ ಹಚ್ಚಿದಳು, ಎಂದಿಗಿಂತ ಜೋರಾಗಿ.

ಮಾರನೆಯ ದಿನ ಊಟದ ಹೊತ್ತಿಗೆ ಅಳತೆಯಮ್ಮ ಕೆಳಗಿಳಿದಳು. ಸ್ವೆಟರ್ ತೆಗೆದಿಟ್ಟಿದ್ದಳು, ಕೂದಲನ್ನು ಮತ್ತೊಮ್ಮೆ ಬಾಚಿಕೊಂಡಿದ್ದಳು. ಐದನೇ ಮೆಷಿನ್ನಿನ ಹತ್ತಿರ ಹೋದಳು. ಅಲ್ಲಿ ಮಟ್ಟಸ ಮೈಕಟ್ಟಿನ ಹೆಂಗಸೊಬ್ಬಳು ಕವಚ ಇಳಿಸುತ್ತಿದ್ದಳು. ಲಂಬೂ ಎಲ್ಲಿ ಎಂದು ಕೇಳಿದರೆ ಅವಳು ಅಚ್ಚರಿಯಿಂದ ನೋಡಿದಳು. ಅವರನ್ನು ಕಂಪನಿಯ ಇನ್ನೊಂದು ಕಾರ್ಖಾನೆಗೆ ಕಳಿಸಿ ತಿಂಗಳಾಯಿತಲ್ಲ, ಅಲ್ಲಿ ಹೊಸಬರಿಗೆ ಕಲಿಸುವವರು ಬೇಕಿದ್ದರಂತೆ, ಆಗಿನಿಂದ ಈ ಮೆಷಿನ್ ತನ್ನದೇ ಎಂದಳು.

ಅಳತೆಯಮ್ಮ ಮೆಷಿನ್ನಿನ ಎದುರಿನ ಪರದೆಯತ್ತ ನೋಡಿದಳು. ಅಂಕಿಗಳ ತಲೆಯ ಮೇಲೆ ಇದ್ದದ್ದು ಮೆಷಿನ್ನಿನ ಸಂಖ್ಯೆ, ನಡೆಸುವವರ ಹೆಸರಲ್ಲ. ಸಾಲು ಬಾರದ ಆ ಒಂದು ದಿನವೇ ಅವನು ಮೆಷಿನ್ನನ್ನು ಇವಳಿಗೆ ಒಪ್ಪಿಸಿ ಹೋದ ದಿನ. ಮಾರನೆಯ ದಿನ ತಾನು ನಿಟ್ಟುಸಿರು ಬಿಟ್ಟದ್ದು ಈ ಹೆಂಗಸಿನ ಅಂಕಿಗಳನ್ನು ನೋಡಿ.

"ನಿಮಗೆ ಹೇಳಿ ಹೋಗ್ತೀನಿ ಅಂತ ಮೇಲೆ ಬಂದಿದ್ರಲ್ಲ" ಅಂದಳು ಆ ಹೆಂಗಸು. "ಬಾಗಿಲು ತೆಗೀಲಿಲ್ವಂತೆ. ಗಾಜಿನಿಂದ ನೋಡಿದ್ರಂತೆ, ನೀವು ಕಂಪ್ಯೂಟರೊಳಗೆ ಮುಳುಗಿದ್ರಂತೆ. ಬಿಡು, ಏನೋ ಮುಖ್ಯವಾದದ್ದು ನೋಡ್ತಿದಾರೆ ಅಂತ ಇಳಿದು ಬಂದ್ರು."

ಅವಳು ಏನನ್ನು ನೋಡುತ್ತಿದ್ದಳೆಂದು ಆ ಹೆಂಗಸಿಗೆ ಹೇಳಲಿಲ್ಲ. ಅವನ ಫೋನ್ ನಂಬರ್ ಇದೆಯೇ ಎಂದು ಕೇಳಿದಳು. ಇತ್ತು. ಎಣ್ಣೆಗೈಯಲ್ಲೇ ಒಂದು ರಟ್ಟಿನ ಚೂರಿನ ಮೇಲೆ ಬರೆದುಕೊಟ್ಟಳು.

ಆ ಸಂಜೆಯೇ ಫೋನ್ ಮಾಡಿದಳು. ನಾಲ್ಕಾರು ಮಾತಿಗೇ ಹೇಳಬೇಕಾದದ್ದು ಮುಗಿಯಿತು. ಆದರೂ ಯಾರೂ ಫೋನ್ ಇಡಲಿಲ್ಲ. ಅಲ್ಲಿಯ ಅಳತೆಕೋಣೆ ಹೇಗಿದೆ ಎಂದು ಕೇಳಿದಳು. ಕೋಣೆ ಚೆನ್ನಾಗಿದೆ, ಬೈಯುವವರಿಲ್ಲ ಎಂದ. ಅಂದಿನಿಂದ ವಾರಕ್ಕೊಮ್ಮೆ ಮಾತು ನಡೆಯಿತು, ಆಮೇಲೆ ದಿನ ಬಿಟ್ಟು ದಿನ. ಅವನಿದ್ದ ಊರು ಬಸ್ಸಿನಲ್ಲಿ ಇಡೀ ಒಂದು ಹಗಲಿನ ದಾರಿ. ಅತ್ತೆಯನ್ನು ಒಬ್ಬಳೇ ಬಿಟ್ಟು ಅವಳು ಹೊರಡುವ ಹಾಗಿರಲಿಲ್ಲ. ಅವನಿಗೆ ರಜೆ ಕೂಡಿಬರಲು ಕಾಯಬೇಕಿತ್ತು.

ಕೂಡಿಬಂದಾಗ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದವನನ್ನು ಅತ್ತೆ ಕತ್ತೆತ್ತಿ ನೋಡಿ, ಇಷ್ಟುದ್ದ ಎಂದು ಯಾರೂ ಹೇಳಿರಲಿಲ್ಲ ಎಂದಳು. ಊಟದುದ್ದಕ್ಕೂ ಮಾತಾಡಿದವಳು ಅತ್ತೆಯೇ. ಮಾತೆಲ್ಲ ಮಗನದು: ಅವನು ಚಿಕ್ಕವನಿದ್ದಾಗ ಗಡಿಯಾರ ಬಿಚ್ಚಿ ಹಾಕಿದ್ದು, ಯಾರಿಗೂ ಹೇಳದೆ ಮೀಸೆ ಬಿಟ್ಟದ್ದು. ಲಂಬೂ ಕೈ ಒಣಗುವ ತನಕ ಕೂತು ಕೇಳಿದ, ನಡುನಡುವೆ ಆಮೇಲೇನಾಯಿತು ಎಂದ. ಮಗನ ವಿಷಯವನ್ನು ಹೊಸಬರೊಬ್ಬರು ಕೂತು ಕೇಳಿ ಎಷ್ಟೋ ವರ್ಷವಾಗಿತ್ತು. ಅತ್ತೆ ಎದ್ದು ಒಳಗೆ ಹೋಗಿ ಮೂಗು ಒರೆಸಿಕೊಂಡು ಬಂದಳು.

ಬಸ್ ನಿಲ್ದಾಣದ ತನಕ ಇಬ್ಬರೂ ನಡೆದೇ ಹೋದರು. ಬಸ್ಸು ಬಂದು ನಿಂತಿತು. ಅವನು ಹತ್ತಲಿಲ್ಲ, ಮುಂದಿನದಕ್ಕೆ ಹೋದರಾಯಿತು ಎಂದ. ಬೆಂಚಿನ ಮೇಲೆ ಕೂತರು. ಅಷ್ಟು ಹತ್ತಿರ ಅವರು ಎಂದೂ ಕೂತಿರಲಿಲ್ಲ; ನಡುವೆ ಯಾವಾಗಲೂ ಒಂದು ಹೊಸ್ತಿಲಿರುತ್ತಿತ್ತು.

"ವಾಪಸ್ಸು ಈ ಕಾರ್ಖಾನೆಗೇ ಹಾಕಿ ಅಂತ ಕೇಳಿದೀನಿ" ಅಂದ ಅವನು. "ಬೇಗ ಆಗಲ್ಲ. ವರ್ಷ ಹಿಡಿಯಬಹುದು, ಜಾಸ್ತಿನೂ ಆಗಬಹುದು. ಕಾಯಿರಿ ಅಂತ ಹೇಳೋಕೆ ನನಗೇನು ಹಕ್ಕಿದೆ?"

"ಕಾಯೋದು ನಾನಲ್ವಾ? ನನ್ನನ್ನ ಕೇಳಿ."

"ಕಾಯ್ತೀರಾ?"

"ಹೂಂ."

ಮುಂದಿನ ಬಸ್ಸು ಬಂತು. ಅವನು ಕಿಟಕಿಯ ಪಕ್ಕ ಕೂತು, ಕಾಲು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಾ, ಅವಳನ್ನೇ ನೋಡುತ್ತಿದ್ದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಅಲ್ಲೇ ನಿಂತಳು. ಹಿಂದಿನ ತಿಂಗಳುಗಳಲ್ಲಿ ಏನನ್ನು ಕಾಯುತ್ತಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ, ದಿನ ಹೇಗೋ ಉರುಳುತ್ತಿತ್ತು. ಈಗ ತಿಳಿದಿತ್ತು. ನಾಳೆಯ ಹಗಲೊಂದನ್ನು ದಾಟುವುದೇ ಬೆಟ್ಟದಂತೆ ಕಂಡಿತು.

ಮನೆಗೆ ಬಂದಾಗ ಅತ್ತೆ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಜಗಲಿಯಲ್ಲಿ ಕೂತಿದ್ದಳು. ಏನಂದ ಎಂದು ಕೇಳಿದಳು. ವರ್ಷವಾಗಬಹುದಂತೆ ಎಂದಳು ಸೊಸೆ. ಅತ್ತೆ ಸರಿದು ಜಾಗ ಮಾಡಿಕೊಟ್ಟಳು. ಇಬ್ಬರೂ ಬೀದಿಯಲ್ಲಿ ಬೆಳಕು ಇಳಿಯುವುದನ್ನು ನೋಡುತ್ತಾ ಕೂತರು.