ಅಂಟಣ್ಣನ ರಷ್ಯಾ

ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನನ್ನು ಎಲ್ಲರೂ ಅಂಟಣ್ಣ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಬೆರಳಿನಿಂದ ಅಂಟು ಬಿಡದವನಿಗೆ ಇನ್ನೇನು ಹೆಸರಿಟ್ಟಾರು! ಸಾವಿರಾರು ಪುಸ್ತಕ ಹೊಲಿದಿದ್ದ, ಒಂದನ್ನೂ ಓದಿರಲಿಲ್ಲ.

ಆ ವರ್ಷ ರಷ್ಯನ್ ಸಂಸ್ಕೃತಿಯ ಕೋರ್ಸಿಗೆ ಒಂಬತ್ತೇ ಜನ ಸೇರಿದರು. ಹತ್ತು ಜನರಿಲ್ಲದಿದ್ದರೆ ಕೋರ್ಸು ರದ್ದು. ಪಾಠ ಹೇಳುವ ವಯಸ್ಸಾದ ಮೇಡಂ ತಾವೇ ಮೆಟ್ಟಿಲಿಳಿದು ಬಂದು, “ಸಿಬ್ಬಂದಿಯವರೂ ಸೇರಬಹುದಂತೆ. ಬಂದು ಸುಮ್ನೆ ಕೂತ್ಕೊಳ್ಳಿ, ಸಾಕು” ಎಂದರು. ಅಷ್ಟು ದೊಡ್ಡವರು ಕೇಳುವಾಗ ಇಲ್ಲವೆನ್ನುವುದು ಹೇಗೆ? ಅಂಟಣ್ಣ ಹೋದ.

ಸುಮ್ಮನೆ ಕೂರಲು ಹೋದವನಿಗೆ ಹುಚ್ಚೇ ಹಿಡಿಯಿತು. ಕ್ಲಾಸಿರುವ ಬುಧವಾರ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೇಡಂ ಹೇಳುತ್ತಿದ್ದರೆ ಆ ಹಿಮ, ಕೋಣೆಯಷ್ಟು ದೊಡ್ಡ ಒಲೆ, ಅದರ ಮೇಲೇ ಹಾಸಿಕೊಂಡು ಮಲಗುವ ಅಜ್ಜಿ, ಎಲ್ಲವೂ ಕಣ್ಣಿಗೆ ಕಟ್ಟುತ್ತಿತ್ತು. ಪ್ರಯಾಣ ಹೊರಡುವ ಮೊದಲು ಮನೆಮಂದಿಯೆಲ್ಲ ಒಂದು ಗಳಿಗೆ ಮಾತಿಲ್ಲದೆ ಕೂರುತ್ತಾರೆಂದು ಕೇಳಿದ್ದೇ ತಡ, ತಂಗಿಯ ಊರಿಗೆ ಹೊರಟಿದ್ದ ಹೆಂಡತಿಯನ್ನು ಹಿಡಿದು ಕೂರಿಸಿದ.

“ಬಸ್ಸು ಹೋಯ್ತಲ್ರೀ! ರಷ್ಯಾದಲ್ಲಿ ಕಾಯುತ್ತೇನೋ, ಇಲ್ಲಿ ಕಾಯಲ್ಲ” ಎಂದು ಅವಳು ತರಾಟೆಗೆ ತೆಗೆದುಕೊಂಡಳು. ಅಂಟಣ್ಣ ನಕ್ಕ. ತನ್ನದೆಂದು ಹೇಳಿಕೊಳ್ಳುವ ಇಂಥ ಖುಷಿ ಅವನಿಗೆ ಹಿಂದೆ ಇರಲಿಲ್ಲ.

ಮೇಡಂಗೆ ಮರೆವು ಶುರುವಾಗಿತ್ತು. “ನನ್ನ ತಲೆಯೆಲ್ಲ ಇದರಲ್ಲೇ ಇದೆ” ಎಂದು ಅವರೇ ಮೂವತ್ತು ವರ್ಷದ ನೋಟ್ಸಿನ ಕಂತೆಯನ್ನು ತಟ್ಟಿ ತೋರಿಸುತ್ತಿದ್ದರು. ಹಾಳೆಗಳು ಬಿಡಿಬಿಡಿ, ಮೂಲೆಗಳು ಹರಿದು ಜೂಲಾಗಿದ್ದವು. ಹನ್ನೊಂದನೆಯ ವಾರ ಅಂಟಣ್ಣ, “ಕೊಡಿ ಮೇಡಂ, ಕಲ್ಲಿನ ಹಾಗೆ ಕಟ್ಟಿಕೊಡ್ತೀನಿ” ಎಂದು ಒತ್ತಾಯ ಮಾಡಿ ಇಸಿದುಕೊಂಡ.

ಹಾಳೆಗಳು ಒಂದೇ ಅಳತೆಯವಾಗಿರಲಿಲ್ಲ. ಹೊಲಿದ ಮೇಲೆ ಅತಿ ಚಿಕ್ಕ ಹಾಳೆಯ ಅಳತೆಗೆ ಮೂರು ಅಂಚನ್ನೂ ಕತ್ತರಿಸುವುದು ಅವನ ಕಸುಬಿನ ರೂಢಿ. ಕೈ ತಾನಾಗಿ ಯಂತ್ರದ ಹಿಡಿ ಎಳೆಯಿತು. ದೊಡ್ಡ ಹಾಳೆಗಳ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಗೀಚಿದ್ದು ಕಂಡಿತ್ತು. ಶಾಯಿಯಲ್ಲಿ ಬರೆದದ್ದಷ್ಟೇ ಪಾಠವೆಂದು ಅವನು ತಿಳಿದಿದ್ದ. ಆಮೇಲೆ ಕೆಂಪು ಬಟ್ಟೆಯ ರಟ್ಟು ಹಾಕಿದ. ಕತ್ತರಿಸಿದ ಚೂರುಗಳು ಅಂದೇ ರದ್ದಿಯ ಲಾರಿ ಹತ್ತಿದವು.

ಬುಧವಾರ ಮೇಡಂ ಪುಸ್ತಕವನ್ನು ಎತ್ತಿ ತೋರಿಸಿ, ಬಾಯ್ತುಂಬ ಹೊಗಳಿ, ತೆರೆದರು. ಒಂದು ಪುಟ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಶಾಯಿಯಲ್ಲಿದ್ದದ್ದು ಬರೀ ಹೆಸರು, ಇಸವಿ. ಕತೆಗಳೆಲ್ಲ ಪೆನ್ಸಿಲಿನಲ್ಲಿದ್ದವು. “ಇವತ್ತಿಗೆ ಸಾಕು” ಎಂದು ಕೂತುಬಿಟ್ಟರು. ಮುಂದಿನ ವಾರವೂ ಅದೇ ಆಯಿತು. ಅದರ ಮುಂದಿನ ವಾರ, ಕೋರ್ಸು ನಿಂತಿದೆಯೆಂಬ ಚೀಟಿಯನ್ನು ಬಾಗಿಲಿಗೆ ಅಂಟಿಸಿದ್ದರು.

ಅಂಟಣ್ಣ ಮೇಡಂ ಅವರನ್ನು ಹುಡುಕಿಕೊಂಡು ಹೊರಟ. ಅವರ ಕೋಣೆಗೆ ಹೋಗಿ, “ನನ್ನ ಕೈಗೆ ಬೆಂಕಿ ಬೀಳ್ಲಿ ಮೇಡಂ” ಎಂದ.

“ಬಿಡಿ, ನೀವು ಪ್ರೀತಿಯಿಂದ ಮಾಡಿದ್ದಲ್ವಾ” ಎಂದ ಮೇಡಂ ಕಾಗದವೊಂದನ್ನು ಹತ್ತಿರ ಎಳೆದುಕೊಂಡರು. “ನೀವು ಒಂದು ಕ್ಲಾಸೂ ತಪ್ಪಿಸ್ಲಿಲ್ಲ. ನೆನಪಿರೋದು ಹೇಳಿ, ಬರ್ಕೊಳ್ತೀನಿ.”

ಅವನು ಒಂದಕ್ಷರ ಬರೆದುಕೊಂಡವನಲ್ಲ. ಮೈಮರೆತು ಕೇಳಿದ್ದೇ ಕೇಳಿದ್ದು. “ಹಬೆ ತುಂಬಿದ ಕೋಣೇಲಿ ಸ್ನಾನ ಮಾಡ್ತಾರೆ ಅಂದಿದ್ರಿ. ಎಲೆಗೊಂಚಲಿಂದ ಮೈಗೆ ಹೊಡ್ಕೊಳ್ತಾರೆ ಅಂತ.”

ಮೇಡಂ ಬರೆದುಕೊಂಡರು. “ಆಮೇಲೆ?”

ಆಮೇಲೆ ಅವರು ಹೇಳಿದ ಮಾತಿಗೆ ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅವನೂ ನಕ್ಕಿದ್ದ. ಯಾವ ಮಾತಿಗೆಂದು ಎಷ್ಟು ತಡಕಾಡಿದರೂ ಸಿಗಲಿಲ್ಲ. ಮೇಡಂ ಪೆನ್ಸಿಲನ್ನು ಕಾಗದದ ಮೇಲೆ ಊರಿಕೊಂಡು, ಅವನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.